ದೀಪವೂ ದತ್ತಿಯೂ: ಮಂಗಳೂರು ಸೀಮೆಯಲ್ಲಿ ಸೌರವಿದ್ಯುತ್ತಿನ ಸಹಾಯಧನ

೧

ಕನ್ನಡನಾಡಿನ ಶಿಲಾಶಾಸನಗಳನ್ನು ಓದಿ ಬಲ್ಲವರಿಗೆ ನಂದಾದೀವಿಗೆಯ ದತ್ತಿಯು ಹೊಸ ವಿಷಯವಲ್ಲ. ದೇವರ ಸನ್ನಿಧಿಯಲ್ಲಿ ಹಗಲಿರುಳು ನಂದದೆ ಉರಿಯತಕ್ಕ ದೀಪವೊಂದನ್ನು ನೆಲೆಗೊಳಿಸಬೇಕೆಂದು ಬಯಸಿದ ದಾನಿಯು ದೀಪದ ಕಂಬವೊಂದನ್ನು ಒಪ್ಪಿಸಿ ಕೈತೊಳೆದುಕೊಳ್ಳುತ್ತಿರಲಿಲ್ಲ. ಅವನು ಇಷ್ಟು ಗದ್ಯಾಣಗಳನ್ನೋ, ಇಷ್ಟು ಭೂಮಿಯನ್ನೋ, ಗಾಣದ ಎಣ್ಣೆಯಲ್ಲಿ ಒಂದು ಪಾಲನ್ನೋ ಬಿಟ್ಟು, ಆ ಹೊನ್ನಿನ ಬಡ್ಡಿಯಿಂದ ಅಥವಾ ಆ ಭೂಮಿಯ ಹುಟ್ಟುವಳಿಯಿಂದ ದಿನದಿನದ ಎಣ್ಣೆ ಸಲ್ಲತಕ್ಕದ್ದೆಂದು ವಿಧಿಸಿ, ಅದನ್ನು ನಡೆಯಿಸುವ ಹೊಣೆ ಯಾರದೆಂಬುದನ್ನೂ ಕಲ್ಲಿನಲ್ಲಿ ಬರೆಯಿಸುತ್ತಿದ್ದನು. ಕೆರೆಗಳ ರಕ್ಷಣೆಗಾಗಿ ಬಿಟ್ಟ ಬಿತ್ತುವಟ್ಟದ ಸ್ವರೂಪವೂ ಇಂಥದೇ. ದಾನಿಯ ದೃಷ್ಟಿಯು ವಸ್ತುವಿನ ಮೇಲಲ್ಲ, ವಸ್ತುವು ನಡೆಯುತ್ತಿರುವುದರ ಮೇಲೆ ನೆಟ್ಟಿದ್ದಿತು. ದತ್ತಿಯು ದೀಪಕ್ಕಲ್ಲ, ಉರಿಗೆ ಸಲ್ಲುತ್ತಿದ್ದಿತು.

ಈ ಹಳೆಯ ಏರ್ಪಾಡನ್ನು ಇಲ್ಲಿ ಸ್ಮರಿಸುವುದಕ್ಕೆ ಕಾರಣವುಂಟು. ಸೂರ್ಯನ ಬೆಳಕಿನಿಂದ ವಿದ್ಯುತ್ತನ್ನು ಪಡೆಯುವ ಸಲಕರಣೆಗಳನ್ನು ಮನೆಮನೆಗೆ ತಲುಪಿಸಬೇಕೆಂದು ನಮ್ಮ ಸರ್ಕಾರಗಳು ಕಳೆದ ಕೆಲವು ದಶಕಗಳಿಂದ ಸಹಾಯಧನವನ್ನು ಕೊಡುತ್ತ ಬಂದಿವೆ. ಉದ್ದೇಶವು ಶ್ಲಾಘ್ಯವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಈ ಹಣವು ಕೆಲವೊಮ್ಮೆ ದೀಪವನ್ನು ಹರಡಿತು, ಕೆಲವೊಮ್ಮೆ ಹರಡುತ್ತಿದ್ದ ದೀಪವನ್ನೇ ತಡೆಯಿತು. ಒಂದೇ ಉದ್ದೇಶದ ಹಣವು ಹೀಗೆ ಎರಡು ಬಗೆಯ ಫಲವನ್ನು ಕೊಟ್ಟುದೇಕೆ ಎಂಬ ಪ್ರಶ್ನೆಗೆ ಉತ್ತರವನ್ನು ಅರಸುವುದಕ್ಕೆ ಮಂಗಳೂರು ನಗರವೂ ಅದರ ಸುತ್ತಣ ಸೀಮೆಯೂ ತಕ್ಕ ಕ್ಷೇತ್ರವಾಗಿವೆ. ಸೌರದೀಪಕ್ಕೆ ಬ್ಯಾಂಕಿನ ಸಾಲ, ಬಡ್ಡಿಯ ರಿಯಾಯಿತಿ, ಬೆಲೆಯಲ್ಲಿ ಸಹಾಯಧನ, ಮಾರಿದ ವಿದ್ಯುತ್ತಿಗೆ ಏರಿಸಿದ ದರ, ಉಚಿತ ವಿದ್ಯುತ್ತಿನ ಪೈಪೋಟಿ, ಇವೆಲ್ಲವೂ ಇಲ್ಲಿ ಒಂದರ ಹಿಂದೊಂದಾಗಿ ಪರೀಕ್ಷೆಗೊಂಡಿವೆ.

೨

ಮೊದಲು ಸ್ಥಳದ ಸ್ವಭಾವವನ್ನು ನೋಡಬೇಕು. ಬಯಲುಸೀಮೆಯಲ್ಲಿ ಊರೆಂದರೆ ಒತ್ತಾಗಿ ಸೇರಿದ ಮನೆಗಳ ಗುಂಪು. ತುಳುನಾಡಿನಲ್ಲಿ ಹಾಗಲ್ಲ. ಗುಡ್ಡದ ತಪ್ಪಲಿನಲ್ಲೊಂದು, ಬಯಲಿನ ಅಂಚಿನಲ್ಲೊಂದು, ಅಡಕೆಯ ತೋಟದ ನಡುವೆ ಮತ್ತೊಂದು ಎಂಬಂತೆ ಮನೆಗಳು ಚದುರಿಕೊಂಡಿರುತ್ತವೆ. ಇಂಥಲ್ಲಿ ಒಂದೊಂದು ಮನೆಗೂ ಕಂಬ ನೆಟ್ಟು ತಂತಿಯೆಳೆಯುವುದು ವೆಚ್ಚದ ಕೆಲಸ. ತಂತಿ ಮುಟ್ಟಿದ ಮೇಲಾದರೂ, ಜೂನ್ ತಿಂಗಳಿಂದ ಸೆಪ್ಟೆಂಬರಿನವರೆಗೆ ಸುರಿಯುವ ಮಳೆಗಾಳಿಗೆ ಮರದ ಕೊಂಬೆ ಮುರಿದು ತಂತಿಯ ಮೇಲೆ ಬಿದ್ದರೆ ಒಳನಾಡಿನ ಮನೆಯು ಹಲವು ದಿನ ಕತ್ತಲೆಯಲ್ಲಿರಬೇಕಾಗುತ್ತಿದ್ದಿತು. ಆಗ ಗತಿಯಾದುದು ಸೀಮೆಎಣ್ಣೆಯ ಬುಡ್ಡಿ. ಆ ಎಣ್ಣೆಯೂ ಪಡಿತರದ ಅಂಗಡಿಯಲ್ಲಿ ಸರ್ಕಾರದ ಸಹಾಯಧನದಿಂದಲೇ ಅಗ್ಗವಾಗಿದ್ದಿತೆಂಬುದನ್ನು ಮರೆಯಬಾರದು. ಎಂದರೆ ಸೌರದೀಪವು ಈ ಸೀಮೆಗೆ ಕಾಲಿಟ್ಟಾಗ ಅದರ ಎದುರಾಳಿಯು ಆಗಲೇ ಸರ್ಕಾರದ ಆಶ್ರಯದಲ್ಲಿದ್ದಿತು.

ಎರಡನೆಯದಾಗಿ, ಈ ಸೀಮೆಯು ಬ್ಯಾಂಕುಗಳ ತವರು. ಅಮ್ಮೆಂಬಳ ಸುಬ್ಬರಾವ್ ಪೈಗಳು ೧೯೦೬ರಲ್ಲಿ ಮಂಗಳೂರಿನಲ್ಲಿ ಸ್ಥಾಪಿಸಿದ ಕೆನರಾ ಹಿಂದೂ ಪರ್ಮನೆಂಟ್ ಫಂಡು ಮುಂದೆ ಕೆನರಾ ಬ್ಯಾಂಕಾಯಿತು. ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕು ಮೊದಲಾಯಿತು. ೧೯೨೪ರಲ್ಲಿ ಮಂಗಳೂರಿನಲ್ಲಿ ಕರ್ಣಾಟಕ ಬ್ಯಾಂಕೂ, ೧೯೨೫ರಲ್ಲಿ ಉಡುಪಿಯಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟೂ, ೧೯೩೧ರಲ್ಲಿ ಮಂಗಳೂರಿನಲ್ಲಿ ವಿಜಯಾ ಬ್ಯಾಂಕೂ ಹುಟ್ಟಿದುವು. ಇವುಗಳಲ್ಲಿ ಸಿಂಡಿಕೇಟು ೧೯೨೮ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿಯ ಪದ್ಧತಿಯು ಪ್ರಕೃತ ವಿಷಯಕ್ಕೆ ಬಹಳ ಸಮೀಪವಾದುದು. ಬ್ಯಾಂಕಿನ ಗುಮಾಸ್ತೆಯು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಅಲ್ಪಮೊತ್ತವನ್ನೂ ಪಡೆದು ಲೆಕ್ಕಕ್ಕೆ ಹಚ್ಚುತ್ತಿದ್ದನು. ದೊಡ್ಡ ಮೊತ್ತವನ್ನು ಒಮ್ಮೆಲೇ ಕೂಡಿಸಲಾರದವನು ಸಣ್ಣ ಮೊತ್ತವನ್ನು ದಿನವೂ ಕೊಡಬಲ್ಲನೆಂಬ ತಿಳಿವಳಿಕೆಯು ಹೀಗೆ ಈ ನೆಲದಲ್ಲಿ ವ್ಯವಹಾರದ ರೂಪವನ್ನು ತಾಳಿತು. ಸೌರದೀಪದ ಸಮಸ್ಯೆಯು ಮೂಲತಃ ಇದೇ ಸಮಸ್ಯೆ. ಸೀಮೆಎಣ್ಣೆಯನ್ನು ಕೊಳ್ಳುವವನು ವಾರವಾರವೂ ಸ್ವಲ್ಪಸ್ವಲ್ಪವಾಗಿ ಹಣ ತೆರುತ್ತಾನೆ. ಸೌರದೀಪವನ್ನು ಕೊಳ್ಳುವವನು ಹತ್ತಾರು ವರ್ಷಗಳ ಬೆಳಕಿನ ಬೆಲೆಯನ್ನು ಮೊದಲ ದಿನವೇ ತೆರಬೇಕು.

೩

ಭಾರತ ಸರ್ಕಾರವು ಅಸಾಂಪ್ರದಾಯಿಕ ಶಕ್ತಿಮೂಲಗಳ ಇಲಾಖೆಯನ್ನು ೧೯೮೨ರಲ್ಲಿ ಏರ್ಪಡಿಸಿ, ೧೯೯೨ರಲ್ಲಿ ಅದನ್ನು ಸಚಿವಾಲಯದ ಪದವಿಗೆ ಏರಿಸಿತು. ಸೌರದೀಪಗಳು ಆ ಕಾಲದಲ್ಲಿ ಬಹುಮಟ್ಟಿಗೆ ಸರ್ಕಾರದ ಪ್ರದರ್ಶನವಸ್ತುಗಳಾಗಿದ್ದುವು. ಮಾದರಿಯೆಂದು ನೆಟ್ಟ ದೀಪದ ಬ್ಯಾಟರಿ ಸತ್ತ ಮೇಲೆ ಅದನ್ನು ಕೇಳುವವರಿಲ್ಲದೆ ಕಂಬವೊಂದೇ ಉಳಿಯುವುದು ನಾಡಿನ ಅನೇಕ ಕಡೆ ಕಂಡ ದೃಶ್ಯ. ೧೯೯೫ರಲ್ಲಿ ಹರೀಶ ಹಂದೆಯವರೂ ನೆವಿಲ್ ವಿಲಿಯಮ್ಸರೂ ಸ್ಥಾಪಿಸಿದ ಸೆಲ್ಕೊ ಸಂಸ್ಥೆಯು ಬೇರೊಂದು ದಾರಿಯನ್ನು ಹಿಡಿಯಿತು. ದೀಪವನ್ನು ದಾನವಾಗಿ ಕೊಡದೆ ಮಾರುವುದು, ಮಾರಿದ ಮೇಲೆ ಸಮೀಪದಲ್ಲೇ ಸೇವಾಕೇಂದ್ರವನ್ನಿಟ್ಟು ದುರಸ್ತಿಗೆ ಹೊಣೆಯಾಗುವುದು, ಕೊಳ್ಳುವವನಿಗೆ ಬ್ಯಾಂಕಿನಿಂದ ಸಾಲ ದೊರಕಿಸುವುದು, ಇವು ಮೂರೂ ಆ ದಾರಿಯ ಮುಖ್ಯ ಲಕ್ಷಣಗಳು. ದಕ್ಷಿಣಕನ್ನಡದ ಕೃಷಿಕರು ಈ ಪ್ರಯೋಗದ ಮೊದಲ ಗಿರಾಕಿಗಳಲ್ಲಿ ಸೇರಿದ್ದರು. ಹಂದೆಯವರಿಗೆ ೨೦೧೧ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿಯು ಬಂದುದು ಈ ಕಾರ್ಯಕ್ಕಾಗಿಯೇ.

ಸಾಲವನ್ನು ಕೊಡಬೇಕಾದ ಬ್ಯಾಂಕಿನ ವ್ಯವಸ್ಥಾಪಕನಿಗೆ ಆರಂಭದಲ್ಲಿ ಅಳುಕಿದ್ದುದು ಸಹಜ. ಎಮ್ಮೆಗೆ ಸಾಲ ಕೊಟ್ಟರೆ ಹಾಲು ಬರುತ್ತದೆ, ಪಂಪಿಗೆ ಕೊಟ್ಟರೆ ಬೆಳೆ ಬರುತ್ತದೆ. ದೀಪಕ್ಕೆ ಕೊಟ್ಟರೆ ಬರುವುದೇನು? ಈ ಅಳುಕನ್ನು ನೀಗಿಸುವುದರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದವರು ೨೦೦೩ರಲ್ಲಿ ಆರಂಭಿಸಿದ ಸೌರಸಾಲದ ಯೋಜನೆಯು ಗಮನಾರ್ಹವಾದುದು. ಇದಕ್ಕಾಗಿ ಅವರು ಆರಿಸಿಕೊಂಡುದು ಕೆನರಾ ಬ್ಯಾಂಕು ಮತ್ತು ಸಿಂಡಿಕೇಟ್ ಬ್ಯಾಂಕುಗಳನ್ನು, ಎಂದರೆ ಈ ಕರಾವಳಿಯಲ್ಲೇ ಹುಟ್ಟಿದ ಎರಡು ಬ್ಯಾಂಕುಗಳನ್ನು. ಪೇಟೆಯ ಬಡ್ಡಿಯು ನೂರಕ್ಕೆ ೧೨ರ ಸುಮಾರಿನಲ್ಲಿದ್ದಾಗ ಸೌರದೀಪದ ಸಾಲವು ಮೊದಲಲ್ಲಿ ನೂರಕ್ಕೆ ೫ರಂತೆ ದೊರೆಯಿತು. ವ್ಯತ್ಯಾಸವನ್ನು ಯೋಜನೆಯು ಬ್ಯಾಂಕಿಗೆ ತುಂಬಿಕೊಟ್ಟಿತು. ಈ ರಿಯಾಯಿತಿಯನ್ನು ಕ್ರಮಕ್ರಮವಾಗಿ ಇಳಿಸಿ ಕೊನೆಗೆ ನಿಲ್ಲಿಸತಕ್ಕದ್ದೆಂದು ಮೊದಲೇ ನಿಶ್ಚಯವಾಗಿದ್ದಿತು. ಕೆಲವೇ ವರ್ಷಗಳಲ್ಲಿ ೧೬,೦೦೦ಕ್ಕೂ ಮಿಕ್ಕ ಮನೆಗಳು ಈ ಸಾಲದಿಂದ ದೀಪವನ್ನು ಪಡೆದುವು. ರಿಯಾಯಿತಿ ನಿಂತ ಮೇಲೆಯೂ ಸಾಲ ನಿಲ್ಲಲಿಲ್ಲ.

ಈ ಸಹಾಯದ ಪರಿಮಾಣವನ್ನು ಲೆಕ್ಕದಿಂದ ತಿಳಿಯಬಹುದು. ೧೫,೦೦೦ ರೂಪಾಯಿಯ ಸಾಲವನ್ನು ಐದು ವರ್ಷಗಳಲ್ಲಿ ತಿಂಗಳ ಸಮಕಂತುಗಳಿಂದ ತೀರಿಸುವುದಾದರೆ, ನೂರಕ್ಕೆ ೧೨ರ ಬಡ್ಡಿಯಲ್ಲಿ ಕಂತು ಸುಮಾರು ೩೩೪ ರೂಪಾಯಿ, ನೂರಕ್ಕೆ ೫ರಲ್ಲಿ ಸುಮಾರು ೨೮೩ ರೂಪಾಯಿ. ತಿಂಗಳಿಗೆ ಐವತ್ತು ರೂಪಾಯಿಯ ಅಂತರ, ಐದು ವರ್ಷಕ್ಕೆ ಒಟ್ಟು ಸುಮಾರು ೩,೦೦೦ ರೂಪಾಯಿ. ಇಷ್ಟು ಸಣ್ಣ ಮೊತ್ತವು ಕೊಳ್ಳುವವನ ಭಾರವನ್ನು ಇಳಿಸಿದುದಕ್ಕಿಂತ ಮುಖ್ಯವಾದ ಇನ್ನೊಂದು ಕೆಲಸವನ್ನು ಮಾಡಿತು. ಬ್ಯಾಂಕಿನ ಶಾಖೆಗೆ ದೀಪದ ಸಾಲವೆಂಬ ಒಂದು ಹೊಸ ಅಭ್ಯಾಸವನ್ನು ಕಲಿಸಿತು. ಕಂತು ತಪ್ಪದೆ ಬರಬೇಕಾದರೆ ದೀಪವು ತಪ್ಪದೆ ಉರಿಯಬೇಕು. ಆದುದರಿಂದ ದೀಪವು ಕೆಟ್ಟರೆ ಮಾರಿದವನನ್ನು ಕೇಳುವವರು ಇಬ್ಬರಾದರು, ಮನೆಯವನೊಬ್ಬ, ಬ್ಯಾಂಕಿನವನೊಬ್ಬ. ನಂದಾದೀವಿಗೆಯ ಶಾಸನದಲ್ಲಿ ಹೊಣೆಗಾರರನ್ನು ಹೆಸರಿಸಿದಂತೆಯೇ ಇದು. ೧೯೮೨ರಲ್ಲಿ ಧರ್ಮಸ್ಥಳದಲ್ಲಿ ಆರಂಭವಾದ ಗ್ರಾಮಾಭಿವೃದ್ಧಿ ಯೋಜನೆಯು ಸ್ವಸಹಾಯಸಂಘಗಳ ಮೂಲಕ ಇದೇ ಮಾರ್ಗದಲ್ಲಿ ನಡೆದು ವಾರದ ಕಂತುಗಳಿಂದ ಸೌರದೀಪಗಳನ್ನು ಬಡಮನೆಗಳಿಗೆ ಮುಟ್ಟಿಸಿತು. ೨೦೧೨ರಲ್ಲಿ ಆ ಕೆಲಸಕ್ಕೆ ಇಂಗ್ಲೆಂಡಿನ ಆಶ್ಡೆನ್ ಪ್ರಶಸ್ತಿ ದೊರೆಯಿತು.

೪

ಹೀಗೆ ಸಾಲದ ದಾರಿಯು ಸವೆದು ಹದವಾಗುತ್ತಿದ್ದಾಗ, ೨೦೧೦ರ ಜನವರಿಯಲ್ಲಿ ಕೇಂದ್ರ ಸರ್ಕಾರದ ಜವಾಹರಲಾಲ ನೆಹರೂ ರಾಷ್ಟ್ರೀಯ ಸೌರ ಅಭಿಯಾನವು ಘೋಷಿತವಾಯಿತು. ಅದರ ಅಂಗವಾಗಿ ಮನೆಯ ಸೌರದೀಪಗಳಿಗೆ ನಬಾರ್ಡ್ ಸಂಸ್ಥೆಯ ಮೂಲಕ ಬೆಲೆಯ ಸಹಾಯಧನವು ಏರ್ಪಟ್ಟಿತು. ಮೊದಲು ಫಲಕದ ಶಕ್ತಿಯ ಒಂದು ವಾಟಿಗೆ ೩೦೦ ರೂಪಾಯಿ ಮಾನಕ ಬೆಲೆಯೆಂದು ಇಟ್ಟುಕೊಂಡು ಅದರ ನೂರಕ್ಕೆ ೩೦ರಷ್ಟನ್ನು, ಎಂದರೆ ವಾಟಿಗೆ ೯೦ ರೂಪಾಯಿಯವರೆಗೆ ಸರ್ಕಾರವು ಕೊಡತಕ್ಕದ್ದೆಂದೂ, ಉಳಿದುದರಲ್ಲಿ ಬಹುಭಾಗವನ್ನು ನೂರಕ್ಕೆ ೫ರ ಬಡ್ಡಿಯ ಸಾಲವಾಗಿ ಬ್ಯಾಂಕು ಕೊಡತಕ್ಕದ್ದೆಂದೂ ಗೊತ್ತಾಯಿತು. ತರುವಾಯ ಬಡ್ಡಿಯ ರಿಯಾಯಿತಿಯನ್ನು ಬಿಟ್ಟು, ಸಹಾಯಧನವನ್ನು ಮಾನಕ ಬೆಲೆಯ ನೂರಕ್ಕೆ ೪೦ಕ್ಕೆ ಏರಿಸಿದರು. ಮೇಲುನೋಟಕ್ಕೆ ಇದು ಹಿಂದಿನ ಏರ್ಪಾಡಿಗಿಂತ ಉದಾರವಾದುದು. ಆದರೆ ದತ್ತಿಯು ಉರಿಯಿಂದ ದೀಪಕ್ಕೆ ಜಾರಿದುದು ಈ ಘಟ್ಟದಲ್ಲಿಯೇ. ಇದರಿಂದ ಒದಗಿದ ತೊಡಕುಗಳನ್ನು ನಾಲ್ಕು ತೆರನಾಗಿ ವಿಂಗಡಿಸಬಹುದು.

ಮೊದಲನೆಯದು, ಕಾಯುವಿಕೆ. ನಾಳೆ ಸಹಾಯಧನ ಬರುವುದೆಂದು ತಿಳಿದವನು ಇಂದು ಪೂರ್ಣ ಬೆಲೆಗೆ ಕೊಳ್ಳುವುದಿಲ್ಲ. ಘೋಷಣೆಗೂ ಹಣದ ಬಿಡುಗಡೆಗೂ ನಡುವೆ ತಿಂಗಳುಗಳು ಉರುಳಿದರೆ ಅಷ್ಟು ತಿಂಗಳು ವ್ಯಾಪಾರವು ಸ್ತಬ್ಧವಾಗುತ್ತದೆ. ಸರ್ಕಾರದ ಕಡತದಲ್ಲಿ ಇದು ಎಲ್ಲಿಯೂ ನಷ್ಟವೆಂದು ದಾಖಲಾಗುವುದಿಲ್ಲ. ಆದರೆ ಮನೆಯೊಂದು ಇನ್ನೊಂದು ಮಳೆಗಾಲವನ್ನು ಬುಡ್ಡಿಯ ಬೆಳಕಿನಲ್ಲಿ ಕಳೆದಿರುತ್ತದೆ.

ಎರಡನೆಯದು, ಮಾದರಿಯ ಕಟ್ಟು. ಸಹಾಯಧನಕ್ಕೆ ಅರ್ಹವಾದ ಸಲಕರಣೆಗಳು ಇಂಥಿಂಥವೆಂದು ಪಟ್ಟಿಯೊಂದು ಹೊರಡುತ್ತದೆ. ಬೀಡಿ ಕಟ್ಟುವ ಹೆಂಗಸಿಗೆ ಮೊರದ ಮೇಲೆ ಬೀಳುವ ಒಂದು ಸಣ್ಣ ದೀಪ ಸಾಕು. ಮೀನುಗಾರನಿಗೆ ನಸುಕಿನಲ್ಲಿ ಒಯ್ಯುವ ಲಾಂದ್ರ ಬೇಕು. ಹಾಲು ಕರೆಯುವವನಿಗೆ ಮನೆಯಲ್ಲಿ ಒಂದು, ಹಟ್ಟಿಯಲ್ಲಿ ಒಂದು ಬೇಕು. ಪಟ್ಟಿಯು ಇವರನ್ನು ಕಾಣದು. ಸಹಾಯಧನವನ್ನು ಬಯಸುವವನು ತನ್ನ ಅಗತ್ಯವನ್ನು ಪಟ್ಟಿಗೆ ಹೊಂದಿಸಿಕೊಳ್ಳಬೇಕೇ ಹೊರತು ಪಟ್ಟಿಯು ಅವನ ಅಗತ್ಯಕ್ಕೆ ಬಾಗುವುದಿಲ್ಲ. ಮನೆಗೆ ಸಲಕರಣೆಯನ್ನು ಅಳೆದು ಹೊಲಿಯುತ್ತಿದ್ದ ಹಿಂದಿನ ಕುಶಲತೆಗೆ ಇದು ಅಡ್ಡಿಯಾಯಿತು.

ಮೂರನೆಯದು, ಬೆಲೆಯ ಜಡತೆ. ಮಾನಕ ಬೆಲೆಯೆಂದು ಸರ್ಕಾರವು ಒಂದು ಅಂಕಿಯನ್ನು ಸಾರಿದೊಡನೆ ಅದೇ ಮಾರುಕಟ್ಟೆಯ ಬೆಲೆಯಾಗುವ ಕಡೆಗೆ ಒಲೆಯುತ್ತದೆ. ಆ ದಶಕದಲ್ಲಿ ಲೋಕದ ಪೇಟೆಯಲ್ಲಿ ಫಲಕಗಳ ಬೆಲೆಯು ವರ್ಷವರ್ಷವೂ ಕುಸಿಯುತ್ತಿದ್ದಿತು. ವರ್ಷಕ್ಕೊಮ್ಮೆ ತಿದ್ದುವ ಸರ್ಕಾರದ ಅಂಕಿಯು ಈ ಓಟದ ಹಿಂದೆ ಬೀಳುವುದು ಅನಿವಾರ್ಯ. ಹಿಂದೆಬಿದ್ದ ಅಂತರವು ಕೊಳ್ಳುವವನ ಕೈಗೆ ಬಾರದೆ ನಡುವೆಯೇ ನಿಲ್ಲುವ ಸಂಭವವಿರುತ್ತದೆ.

ನಾಲ್ಕನೆಯದು, ಹೊಣೆಯ ಲೋಪ. ಸಹಾಯಧನವು ಫಲಕವನ್ನು ಮಾಡಿಗೆ ಏರಿಸಿದ ದಿನ ಸಲ್ಲುತ್ತದೆ. ಸೌರದೀಪದಲ್ಲಿ ಬಹುಕಾಲ ಬಾಳುವ ಭಾಗವೆಂದರೆ ಫಲಕ. ಅದು ಇಪ್ಪತ್ತೈದು ವರ್ಷ ಇರಬಹುದು. ಮೊದಲು ಸಾಯುವ ಭಾಗವೆಂದರೆ ಬ್ಯಾಟರಿ; ಸೀಸ ಮತ್ತು ಆಮ್ಲದ ಬ್ಯಾಟರಿಗೆ ಕಾಲಕಾಲಕ್ಕೆ ಶುದ್ಧಜಲವನ್ನು ಎರೆಯಬೇಕು, ಐದಾರು ವರ್ಷಕ್ಕೊಮ್ಮೆ ಅದನ್ನು ಬದಲಾಯಿಸಬೇಕು. ಸೌರದೀಪಕ್ಕೆ ಬ್ಯಾಟರಿಯೇ ಎಣ್ಣೆ. ಶಕ್ತಿಯ ವಾಟನ್ನು ಎಣಿಸಿ ಕೊಡುವ ಹಣವು ಬಹುಕಾಲ ಬಾಳುವುದಕ್ಕೆ ಸಂದು, ಬೇಗ ಸಾಯುವುದನ್ನು ಮರೆಯಿತು. ಇಷ್ಟಲ್ಲದೆ, ಕೇಂದ್ರದಿಂದ ಬರಬೇಕಾದ ಹಣವು ತಡವಾದಾಗ ಬ್ಯಾಂಕುಗಳ ಉತ್ಸಾಹವೂ ತಗ್ಗಿತು. ಸಹಾಯಧನವಿಲ್ಲದೆಯೇ ಸಾಲ ಕೊಡುವುದನ್ನು ಕಲಿತಿದ್ದ ಶಾಖೆಯು ಸಹಾಯಧನವು ಬರಲೆಂದು ಸಾಲವನ್ನೇ ತಡೆದಿಟ್ಟುಕೊಂಡರೆ ಅದಕ್ಕಿಂತ ವಿಪರ್ಯಾಸವುಂಟೆ? ಸೌರದೀಪದ ವ್ಯವಹಾರದಲ್ಲಿ ಬಹುಕಾಲ ತೊಡಗಿದ್ದ ಹಂದೆಯವರಂಥವರು ಇಂಥ ಸಹಾಯಧನವನ್ನು ಬಹಿರಂಗವಾಗಿ ಟೀಕಿಸಿದುದರ ಹಿನ್ನೆಲೆಯು ಇದೇ.

ಇಂಥ ಪಾಡು ಭಾರತದೊಂದರದೇ ಅಲ್ಲ. ಅಮೆರಿಕಾ ಸಂಯುಕ್ತಸಂಸ್ಥಾನದಲ್ಲಿ ೧೯೭೮ರ ಕಾನೂನಿನಿಂದ ಮೊದಲಾಗಿ ಸೌರಜಲತಾಪಕಗಳಿಗೆ ತೆರಿಗೆಯ ವಿನಾಯಿತಿಯು ದೊರೆತು, ಅದು ನೂರಕ್ಕೆ ೪೦ರವರೆಗೆ ಏರಿದುದರಿಂದ ಅಲ್ಲಿ ಆ ಉದ್ಯಮವು ಹಠಾತ್ತಾಗಿ ಬೆಳೆಯಿತು. ೧೯೮೫ರ ಕೊನೆಗೆ ವಿನಾಯಿತಿಯ ಅವಧಿ ಮುಗಿದೊಡನೆ ಉದ್ಯಮವು ಕುಸಿಯಿತು. ಅನೇಕ ಮನೆಗಳ ಮಾಡಿನ ಮೇಲೆ ದುರಸ್ತಿ ಮಾಡುವವರಿಲ್ಲದ ಸಲಕರಣೆಗಳು ಉಳಿದುವು.

೫

ಮುಂದಿನ ಪರೀಕ್ಷೆಯು ದರದ ರೂಪದಲ್ಲಿ ಬಂದಿತು. ಫಲಕಕ್ಕೆ ಹಣ ಕೊಡುವ ಬದಲು, ಫಲಕವು ಉತ್ಪಾದಿಸಿದ ವಿದ್ಯುತ್ತಿಗೆ ಹೆಚ್ಚಿನ ದರವನ್ನು ಕೊಟ್ಟರೆ ಉರಿಗೇ ದತ್ತಿ ಕೊಟ್ಟಂತಾಗುವುದಿಲ್ಲವೆ ಎಂದು ಕೇಳಬಹುದು. ತತ್ತ್ವವು ಸರಿಯಾದುದು. ಜರ್ಮನಿಯು ೨೦೦೦ದ ಕಾನೂನಿನಿಂದ ಹೀಗೆಯೇ ಮಾಡಿತು. ಕಾಲಕ್ರಮದಲ್ಲಿ ಇಳಿಯತಕ್ಕ ದರವನ್ನು ದೀರ್ಘಕಾಲಕ್ಕೆ ನಿಶ್ಚಯಿಸಿ ನಡೆಯಿಸಿದುದರಿಂದ ಲೋಕದಲ್ಲೆಲ್ಲ ಫಲಕಗಳ ಬೆಲೆಯು ಇಳಿಯುವುದಕ್ಕೂ ಕಾರಣವಾಯಿತು. ಅದೇ ತತ್ತ್ವವನ್ನು ಸ್ಪೇನ್ ದೇಶವು ೨೦೦೭ರಲ್ಲಿ ಅಳತೆಯಿಲ್ಲದೆ ಅನುಸರಿಸಿತು. ೨೦೦೮ರ ಒಂದೇ ವರ್ಷದಲ್ಲಿ ಅಲ್ಲಿ ೨,೫೦೦ ಮೆಗಾವಾಟಿಗೂ ಮಿಕ್ಕ ಸೌರಸ್ಥಾವರಗಳು ಏರ್ಪಟ್ಟುವು. ಭಾರವನ್ನು ಹೊರಲಾರದೆ ಸರ್ಕಾರವು ದರವನ್ನು ಇಳಿಸಿ ಮಿತಿಯನ್ನು ವಿಧಿಸಿದೊಡನೆ ಮರುವರ್ಷವೇ ಬೆಳವಣಿಗೆಯು ನೆಲಕ್ಕಿಳಿಯಿತು. ಮುಂದೆ ಹಳೆಯ ಸ್ಥಾವರಗಳಿಗೆ ಕೊಟ್ಟ ಮಾತನ್ನೂ ಅಲ್ಲಿಯ ಸರ್ಕಾರವು ತಿದ್ದಿತು.

ಕರ್ನಾಟಕದಲ್ಲಿ ಇದರ ಸಣ್ಣ ಪ್ರತಿಬಿಂಬವೊಂದು ಕಾಣುತ್ತದೆ. ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ೨೦೧೩ರ ಅಕ್ಟೋಬರಿನಲ್ಲಿ ಮಾಡಿನ ಮೇಲಣ ಸೌರವಿದ್ಯುತ್ತಿಗೆ ಯೂನಿಟ್ ಒಂದಕ್ಕೆ, ಸಹಾಯಧನವನ್ನು ಪಡೆಯದವರಿಗೆ ೯ ರೂಪಾಯಿ ೫೬ ಪೈಸೆಯನ್ನೂ, ಪಡೆದವರಿಗೆ ೭ ರೂಪಾಯಿ ೨೦ ಪೈಸೆಯನ್ನೂ ಗೊತ್ತುಮಾಡಿತು. ೨೦೧೪ರ ರಾಜ್ಯ ಸೌರನೀತಿಯು ಮಾಡಿನ ವಿದ್ಯುತ್ತಿಗೆ ಪ್ರೋತ್ಸಾಹವನ್ನು ಸಾರಿತು. ಈ ದರವು ಮಂಗಳೂರಿನಲ್ಲಿ ಪ್ರಧಾನ ಕಚೇರಿಯುಳ್ಳ ಮೆಸ್ಕಾಂ ಸಂಸ್ಥೆಯ ನಾಲ್ಕು ಜಿಲ್ಲೆಗಳಿಗೂ ಅನ್ವಯವಾಗುತ್ತಿದ್ದಿತು. ಮನೆಯವನು ತಾನು ಬಳಸುವ ವಿದ್ಯುತ್ತಿಗೆ ತೆರುವ ದರಕ್ಕಿಂತ ತಾನು ಮಾರುವ ವಿದ್ಯುತ್ತಿಗೆ ದೊರೆಯುವ ದರವು ಮಿಗಿಲಾದಾಗ, ಫಲಕವು ದೀಪದ ಸಾಧನವಾಗಿರದೆ ಹಣದ ಬೆಳೆಯಾಗುತ್ತದೆ. ರಾಜ್ಯದ ಕೆಲವೆಡೆ ಮನೆಯ ಅಗತ್ಯಕ್ಕೆ ಏನೂ ಸಂಬಂಧವಿಲ್ಲದ ಗಾತ್ರದ ಸ್ಥಾವರಗಳಿಗೆ, ಕೋಳಿಯ ಮನೆ, ಕೊಟ್ಟಿಗೆಗಳ ಮಾಡನ್ನು ತೋರಿಸಿ, ಅರ್ಜಿಗಳು ಬಂದುವು. ೨೦೧೬ರ ಮೇ ತಿಂಗಳಲ್ಲಿ ಆಯೋಗವು ದರವನ್ನು ಗಾತ್ರಕ್ಕೆ ತಕ್ಕಂತೆ ೫ ರೂಪಾಯಿ ೨೦ ಪೈಸೆಯಿಂದ ೭ ರೂಪಾಯಿ ೮ ಪೈಸೆಯವರೆಗೆ ಇಳಿಸಿತು. ಹಳೆಯ ದರವನ್ನು ನಂಬಿ ಸಾಲ ಮಾಡಿ, ಅವಧಿಯೊಳಗೆ ಕೆಲಸ ಮುಗಿಸಲಾರದವರು ತೊಂದರೆಗೆ ಸಿಕ್ಕಿದರು. ಕೆಲವು ವ್ಯಾಜ್ಯಗಳು ನ್ಯಾಯಸ್ಥಾನದವರೆಗೂ ಹೋದುವು. ದೋಷವು ದರವನ್ನು ಕೊಟ್ಟುದರಲ್ಲಿರಲಿಲ್ಲ. ಯೋಜನೆಯು ಎಂದು, ಎಷ್ಟೆಷ್ಟು ಇಳಿಯುವುದೆಂಬುದನ್ನು ಮುಂಚಿತವಾಗಿ ಸಾರದೆ ಹೋದುದರಲ್ಲಿದ್ದಿತು. ೨೦೦೩ರ ಬಡ್ಡಿಯ ರಿಯಾಯಿತಿಗೆ ಕೊನೆಯು ಆರಂಭದಲ್ಲೇ ಬರೆದಿದ್ದಿತೆಂಬುದನ್ನು ಇಲ್ಲಿ ನೆನೆಯತಕ್ಕದ್ದು.

೬

ಇತ್ತೀಚಿನ ಘಟ್ಟವು ಎಲ್ಲಕ್ಕಿಂತ ವಿಚಿತ್ರವಾದುದು. ಇಲ್ಲಿ ಒಂದು ಸಹಾಯಧನವು ಇನ್ನೊಂದಕ್ಕೆ ಎದುರು ನಿಂತಿದೆ.

೨೦೨೩ರ ಜುಲೈ ೧ರಿಂದ ಕರ್ನಾಟಕ ಸರ್ಕಾರದ ಗೃಹಜ್ಯೋತಿ ಯೋಜನೆಯು ಜಾರಿಗೆ ಬಂದಿತು. ೨೦೨೨-೨೩ರಲ್ಲಿ ಮನೆಯೊಂದು ತಿಂಗಳಿಗೆ ಸರಾಸರಿ ಬಳಸಿದ ವಿದ್ಯುತ್ತಿಗೆ ನೂರಕ್ಕೆ ೧೦ನ್ನು ಕೂಡಿಸಿ, ೨೦೦ ಯೂನಿಟಿನ ಮಿತಿಯೊಳಗೆ ಅಷ್ಟನ್ನು ಉಚಿತವಾಗಿ ಕೊಡುವುದು ಇದರ ಸ್ವರೂಪ. ೨೦೨೪ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ೭೫,೦೨೧ ಕೋಟಿ ರೂಪಾಯಿಯ ವೆಚ್ಚದಿಂದ ಒಂದು ಕೋಟಿ ಮನೆಗಳ ಮಾಡಿನ ಮೇಲೆ ಸೌರಫಲಕಗಳನ್ನು ಏರಿಸುವ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯನ್ನು ಅಂಗೀಕರಿಸಿತು. ಇದರಲ್ಲಿ ಮೊದಲ ಎರಡು ಕಿಲೊವಾಟುಗಳಿಗೆ ತಲಾ ೩೦,೦೦೦ ರೂಪಾಯಿ, ಮೂರನೆಯದಕ್ಕೆ ೧೮,೦೦೦ ರೂಪಾಯಿ, ಒಟ್ಟು ೭೮,೦೦೦ ರೂಪಾಯಿ ಮೀರದಂತೆ ಸಹಾಯಧನ. ಎರಡು ಯೋಜನೆಗಳನ್ನೂ ಮಂಗಳೂರಿನಲ್ಲಿ ನಡೆಯಿಸಬೇಕಾದುದು ಒಂದೇ ಮೆಸ್ಕಾಂ.

ತಿಂಗಳಿಗೆ ೧೫೦ ಯೂನಿಟ್ ಬಳಸುವ ಸಾಮಾನ್ಯ ಮನೆಯೊಂದನ್ನು ತೆಗೆದುಕೊಳ್ಳೋಣ. ಗೃಹಜ್ಯೋತಿಯಿಂದ ಅದಕ್ಕೆ ೧೬೫ ಯೂನಿಟಿನವರೆಗೆ ಉಚಿತ, ಬಿಲ್ಲು ಶೂನ್ಯ. ಎರಡು ಕಿಲೊವಾಟಿನ ಸ್ಥಾವರಕ್ಕೆ ಒಂದು ಲಕ್ಷ ರೂಪಾಯಿಯೆಂಬ ಮಾನಕ ಬೆಲೆಯಂತೆ, ೬೦,೦೦೦ ರೂಪಾಯಿ ಸಹಾಯಧನ ಕಳೆದು ಮನೆಯವನ ಕೈಯಿಂದ ಬೀಳುವುದು ೪೦,೦೦೦ ರೂಪಾಯಿ. ಅಷ್ಟನ್ನು ತೆತ್ತು ಅವನು ಉಳಿಸುವ ಬಿಲ್ಲು ಯಾವುದು? ಶೂನ್ಯದಲ್ಲಿ ಉಳಿತಾಯವಿಲ್ಲ. ಆದುದರಿಂದ ಈ ಯೋಜನೆಯತ್ತ ಸಹಜವಾಗಿ ತಿರುಗುವವನು ೨೦೦ ಯೂನಿಟಿಗೂ ಮಿಕ್ಕು ಬಳಸಿ, ತಂಪುಯಂತ್ರದ ಬಿಲ್ಲನ್ನು ಪೂರ್ಣವಾಗಿ ತೆರುವವನು. ಎಂದರೆ ಬಡವನಿಗೆ ಉಚಿತ ವಿದ್ಯುತ್ತಿನ ರೂಪದಲ್ಲಿ ಪ್ರತಿ ತಿಂಗಳೂ ಮುಗಿಯದ ವೆಚ್ಚವನ್ನು ಸರ್ಕಾರವು ಹೊರುತ್ತದೆ. ಆ ವೆಚ್ಚವನ್ನು ಒಮ್ಮೆಗೇ ಮುಗಿಸಬಹುದಾಗಿದ್ದ ಫಲಕವು ಉಳ್ಳವನ ಮಾಡಿಗೆ ಹೋಗುತ್ತದೆ.

ಮಾಡಿನ ವಿಷಯವೂ ಇಲ್ಲಿ ವಿಚಾರಕ್ಕೆ ಬರತಕ್ಕದ್ದು. ಬಾಸೆಲ್ ಮಿಷನಿನವರು ೧೮೬೫ರಲ್ಲಿ ಜೆಪ್ಪಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದಂದಿನಿಂದ ಮಂಗಳೂರು ಹೆಂಚೆಂಬುದು ದೇಶಾಂತರಗಳಲ್ಲಿ ಪ್ರಸಿದ್ಧವಾಯಿತು. ಮಳೆಯನ್ನು ಜಾರಿಸಲೆಂದು ಇಳಿಜಾರಾಗಿ ಕಟ್ಟಿದ ಹೆಂಚಿನ ಮಾಡು ಭಾರವಾದ ಚೌಕಟ್ಟನ್ನೂ ಅದನ್ನು ಏರಿಸುವವನ ಕಾಲನ್ನೂ ಸುಲಭವಾಗಿ ತಾಳಲಾರದು. ಹೆಂಚಿನ ಮನೆಯುಳ್ಳವನು ತಾರಸಿಯವನಿಗಿಂತ ಹೆಚ್ಚು ಖರ್ಚು ಮಾಡಬೇಕು. ಸಹಾಯಧನವೋ ಇಬ್ಬರಿಗೂ ಒಂದೇ. ಬಹುಮಹಡಿಯ ಕಟ್ಟಡಗಳಲ್ಲಿ ವಾಸಿಸುವವನಿಗೆ ಮಾಡೇ ತನ್ನದಲ್ಲ. ಅಂಥ ಸಂಘಗಳ ಸಾಮಾನ್ಯ ಬಳಕೆಗೆ ಕಿಲೊವಾಟಿಗೆ ೧೮,೦೦೦ ರೂಪಾಯಿ ದೊರೆಯುವುದಾದರೂ ಬಾಡಿಗೆಯವನ ಬಿಲ್ಲಿಗೆ ಅದು ತಾಕುವುದಿಲ್ಲ. ವರ್ಷದಲ್ಲಿ ನಾಲ್ಕು ತಿಂಗಳು ಮೋಡ ಕವಿದಿರುವ ಮಂಗಳೂರಿಗೂ ಬಿಸಿಲು ಕಾಯುವ ರಾಜಸ್ಥಾನಕ್ಕೂ ಕಿಲೊವಾಟಿನ ಸಹಾಯಧನವು ಸಮಾನವೇ. ಹಿಮಾಲಯ ಮತ್ತು ಈಶಾನ್ಯದ ರಾಜ್ಯಗಳಿಗೆ ತುಸು ಹೆಚ್ಚು ಕೊಟ್ಟುದನ್ನು ಬಿಟ್ಟರೆ, ಸೂರ್ಯನ ಭೇದವನ್ನು ಸರ್ಕಾರದ ಲೆಕ್ಕವು ಎಣಿಸಿಲ್ಲ.

ಕತ್ತಲೆಯ ಪ್ರಶ್ನೆಯಂತೂ ಇದ್ದಲ್ಲೇ ಇದೆ. ಈ ಯೋಜನೆಯ ಸ್ಥಾವರಗಳು ವಿದ್ಯುಜ್ಜಾಲಕ್ಕೆ ಕೂಡಿಕೊಂಡವು. ತಂತಿಯ ಮೇಲೆ ಕೆಲಸಮಾಡುವವರ ಪ್ರಾಣರಕ್ಷಣೆಗಾಗಿ, ಜಾಲದ ವಿದ್ಯುತ್ತು ನಿಂತೊಡನೆ ಮಾಡಿನ ಫಲಕವೂ ತಾನಾಗಿ ನಿಲ್ಲುವಂತೆ ಏರ್ಪಾಡಿದೆ. ಬ್ಯಾಟರಿಯನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳದ ಮನೆಯಲ್ಲಿ, ಆಷಾಢದ ಗಾಳಿಗೆ ಕಂಬ ಉರುಳಿದ ದಿನ, ಮೇಲೆ ಫಲಕವಿದ್ದೂ ಕೆಳಗೆ ಮೋಂಬತ್ತಿಯೇ ಗತಿ. ತೊಂಬತ್ತರ ದಶಕದ ಚಿಕ್ಕ ಸೌರದೀಪವು ಮಾಡುತ್ತಿದ್ದ ಒಂದೇ ಕೆಲಸವನ್ನು, ಎಂದರೆ ಕತ್ತಲೆಯಲ್ಲಿ ಉರಿಯುವುದನ್ನು, ಇಂದಿನ ದೊಡ್ಡ ಫಲಕವು ಮಾಡಲಾರದಾಗಿದೆ.

೭

ಇಷ್ಟರಿಂದ ಸಹಾಯಧನವೇ ಕೂಡದೆಂದು ತೀರ್ಮಾನಿಸುವುದು ಅವಸರವಾದೀತು. ಸಾಲದ ದಾರಿಯು ಕಂತು ತೆರಬಲ್ಲವರಿಗೆ ಮಾತ್ರ ತೆರೆದಿರುವುದು. ಕಂತನ್ನೂ ತೆರಲಾರದವರಿಗೆ ಸರ್ಕಾರದ ಕೈ ಬೇಕೇ ಬೇಕು. ೨೦೧೦ರ ಯೋಜನೆಯಿಂದ ದೀಪ ಕಂಡ ಮನೆಗಳೂ ಉಂಟು. ಗೃಹಜ್ಯೋತಿಯಿಂದ ಬಡಮನೆಯ ತಿಂಗಳ ಖರ್ಚು ಇಳಿದುದೂ ನಿಜ. ಸೂರ್ಯಘರ್ ಯೋಜನೆಯಲ್ಲಿ ಸಹ, ರೆಪೊ ದರಕ್ಕಿಂತ ನೂರಕ್ಕೆ ಅರ್ಧದಷ್ಟೇ ಮಿಗಿಲಾದ ಬಡ್ಡಿಯಲ್ಲಿ ಒತ್ತೆಯಿಲ್ಲದ ಸಾಲವನ್ನು ಬ್ಯಾಂಕುಗಳ ಮೂಲಕ ಏರ್ಪಡಿಸಿರುವುದು, ೨೦೦೩ರಲ್ಲಿ ಈ ಕರಾವಳಿಯ ಬ್ಯಾಂಕುಗಳು ಕಲಿತ ಪಾಠವು ಪೂರ್ಣವಾಗಿ ಮರೆತುಹೋಗಿಲ್ಲವೆಂಬುದಕ್ಕೆ ಸಾಕ್ಷಿ. ಸಿಂಡಿಕೇಟ್ ಬ್ಯಾಂಕು ೨೦೨೦ರ ಏಪ್ರಿಲಿನಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿ, ಆ ಪಾಠದ ಇಬ್ಬರು ವಿದ್ಯಾರ್ಥಿಗಳು ಒಬ್ಬರಾಗಿದ್ದಾರೆ.

ಮೂರು ದಶಕಗಳ ಈ ಚರಿತ್ರೆಯಿಂದ ವೇದ್ಯವಾಗುವುದಿಷ್ಟು. ಸಹಾಯದ ಮೊತ್ತವು ಹಿರಿದೋ ಕಿರಿದೋ ಎಂಬುದು ಫಲವನ್ನು ನಿರ್ಣಯಿಸಲಿಲ್ಲ. ಮನೆಯೊಂದಕ್ಕೆ ಸುಮಾರು ಮೂರು ಸಾವಿರ ರೂಪಾಯಿ ಬಿದ್ದ ಬಡ್ಡಿಯ ರಿಯಾಯಿತಿಯು ತಾನು ಮರೆಯಾದ ಮೇಲೂ ನಡೆಯುವ ಒಂದು ಪದ್ಧತಿಯನ್ನು ಬಿಟ್ಟುಹೋಯಿತು. ಅದಕ್ಕಿಂತ ಉದಾರವಾದ ಬೆಲೆಯ ಸಹಾಯಧನವು ತಾನು ಬರುವ ತನಕ ವ್ಯವಹಾರವನ್ನು ನಿಲ್ಲಿಸಿ, ತಾನು ಹೋದ ಮೇಲೆ ಅದನ್ನು ಬಡವಾಗಿಸಿತು. ಸಹಾಯವು ಯಾವುದಕ್ಕೆ ಸಲ್ಲುತ್ತದೆಯೋ ಅದೇ ಬೆಳೆಯುತ್ತದೆ. ಫಲಕಕ್ಕೆ ಸಂದರೆ ಫಲಕವು ಬೆಳೆಯುತ್ತದೆ, ದರಕ್ಕೆ ಸಂದರೆ ದರವನ್ನು ನೆಚ್ಚಿದ ವ್ಯಾಪಾರವು ಬೆಳೆಯುತ್ತದೆ, ಸಾಲಕ್ಕೂ ದುರಸ್ತಿಗೂ ಸಂದರೆ ಉರಿಯುವ ದೀಪವು ಬೆಳೆಯುತ್ತದೆ. ಎಂದು ನಿಲ್ಲುವುದೆಂದು ಹೇಳದೆ ಆರಂಭವಾದ ಸಹಾಯವು ನಿಂತ ದಿನ, ಅದನ್ನು ನಂಬಿದವರೇ ಮೊದಲು ಕೆಡುತ್ತಾರೆ.

ನಂದಾದೀವಿಗೆಗೆ ಹೊನ್ನನ್ನು ಬಿಟ್ಟ ದಾನಿಗೆ ಅರ್ಥಶಾಸ್ತ್ರದ ಪರಿಭಾಷೆಯು ತಿಳಿದಿರಲಾರದು. ಆದರೆ ದೀಪವನ್ನು ಹಚ್ಚುವುದಕ್ಕಿಂತ ಅದನ್ನು ನಂದದಂತೆ ಕಾಯುವುದು ಕಷ್ಟವೆಂಬುದನ್ನು ಅವನು ಬಲ್ಲವನಾಗಿದ್ದನು. ಎಣ್ಣೆ ಎಲ್ಲಿಂದ, ಯಾರ ಕೈಯಿಂದ, ಎಷ್ಟು ಕಾಲ ಎಂಬ ಮೂರು ಪ್ರಶ್ನೆಗಳಿಗೆ ಅವನ ಶಾಸನದಲ್ಲಿ ಉತ್ತರವಿರುತ್ತಿದ್ದಿತು. ಇಂದಿನ ಸಹಾಯಧನದ ಆಜ್ಞೆಗಳಲ್ಲಿಯೂ ಆ ಮೂರು ಉತ್ತರಗಳು ಸ್ಪಷ್ಟವಾಗಿ ಬರೆದಿರುವವೋ ಇಲ್ಲವೋ ಎಂಬುದೇ, ಮುಂದಿನ ಮಳೆಗಾಲದಲ್ಲಿ ತೋಟದ ನಡುವಣ ಮನೆಯಲ್ಲಿ ಬೆಳಕಿರುವುದೋ ಇಲ್ಲವೋ ಎಂಬುದನ್ನು ನಿರ್ಣಯಿಸುವುದು.